ಎಲೆ ಕಟ್ಟಿಕೊಳ್ಳುವ ಹುಳು

ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ನಮ್ಮ ಕೀಟ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡ ಕಡೆಯ ಒಬ್ಬ ಅಕ್ಕ. ಉಷ್ಣವಲಯದ ದ್ವೀಪದಿಂದ ತಂದ ಹುಳುಗಳು ಎರಡೆರಡು ಎಲೆಗಳನ್ನು ನೂಲಿನಿಂದ ಬಿಗಿದುಕೊಂಡು ಒಳಗೆ ಅಡಗಿದ್ದವು. ಪತಂಗವಾಗಿ ಹೊರಬಂದ ಮೇಲಷ್ಟೇ ಅವುಗಳ ಜಾತಿ ಗುರುತಿಸಬಹುದಿತ್ತು. ಅಲ್ಲಿ ಓದಲು ಹೋಗಿದ್ದ ಆತುರಗೇಡಿ ನಾನು, ದಿನಾ ಎಲೆ ಬಿಡಿಸಿ ನೋಡುತ್ತಿದ್ದೆ. ಮತ್ತೆ ಮತ್ತೆ ನೂಲು ನೂತು ಎಲೆ ಬಿಗಿದು ಸೋತು ಅವು ಒಂದೊಂದಾಗಿ ಸತ್ತವು. ಅಕ್ಕ ಬೈಯಲಿಲ್ಲ. ಉಳಿದ ಒಂದೇ ಹುಳುವನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡು, "ತಾನಾಗೇ ಹೊರಗ ಬರ್ಲಿ ಬಿಡೋ ತಮ್ಮಾ," ಎಂದರು. ಬಂತು. ಉಗುರಿನಷ್ಟು ಕಂದು ಪತಂಗ. ಅದರ ಹೆಸರಿನ ಚೀಟಿಯನ್ನು ನನ್ನ ಕೈಯಿಂದಲೇ ಬರೆಸಿದರು.

ಆ ಚಳಿಗಾಲ ಊರಲ್ಲಿ ಅಪ್ಪ ತೀರಿಕೊಂಡರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತೆ. ಗೆಳೆಯರೆಲ್ಲ ಬಂದು ಬಾಗಿಲು ಬಡಿದರು, ಅಕ್ಕ ಬಡಿಯಲಿಲ್ಲ. ನಾಲ್ಕನೆಯ ದಿನ ನಾನಾಗಿಯೇ ಬಾಗಿಲು ತೆರೆದಾಗ ಹೊರಗೆ ಅಕ್ಕನ ನಾಲ್ಕು ಊಟದ ಡಬ್ಬಿಗಳು ಒಂದರ ಮೇಲೊಂದು ಇದ್ದವು. ಮೇಲಿನದು ಇನ್ನೂ ಬಿಸಿಯಾಗಿತ್ತು.