ಮಗ್ಗುಲ ಮನೆ

ನಾಗಮ್ಮ ನಮ್ಮೂರಿನವಳಲ್ಲ ಎಂದು ಸುಳ್ಳು ಹೇಳಿದವನು ನಾನು. ತಿಳಿಯದೆ ಆಡಿದ ಮಾತಲ್ಲ. ತಿಳಿದೇ ಆಡಿದ್ದು.

ಶಹಾಪುರ ತಾಲ್ಲೂಕಿನ ಹೊಳೆದಂಡೆಯ ನಮ್ಮ ಊರಿಗೆ ಕೃಷ್ಣೆ ನುಗ್ಗಿ ಮಣ್ಣಿನ ಮನೆಗಳೆಲ್ಲ ಕುಸಿದಿದ್ದವು. ಎತ್ತರದ ಬಯಲಿನ ತಗಡಿನ ಶೆಡ್ಡುಗಳಲ್ಲಿ ಇಡೀ ಊರು ಒಂದೂವರೆ ವರ್ಷ ಕಳೆಯಿತು. ನಾನು ಊರಿನ ಶಾಲೆಯ ಮಾಸ್ತರ. ನಾಗಮ್ಮ ದಲಿತ ಕೇರಿಯ ವಿಧವೆ. ಬೇಸಿಗೆಗೆ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋಗಿ ಮಳೆ ಬೀಳುವ ಹೊತ್ತಿಗೆ ಮರಳುವವಳು. ಅವಳ ಮಗಳು ರೇಣುಕಾ ನನ್ನ ವಿದ್ಯಾರ್ಥಿನಿ.

ಆಮೇಲೆ ಸರ್ಕಾರ ಕಟ್ಟಿಸಿದ ಹೊಸ ಊರಿನ ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಗೋಡೆಗೆ ಗೋಡೆ ಅಂಟಿದ ನಮ್ಮ ಮಗ್ಗುಲ ಮನೆ ನಾಗಮ್ಮನ ಪಾಲಿಗೆ ಬಂತು.

"ನಮ್ಮ ಗ್ವಾಡಿಗೆ ಅವರ ಗ್ವಾಡಿ ಹಚ್ಚಿ ಹ್ಯಾಂಗ ಬಾಳ್ವಿ ಮಾಡೋದ್ರಿ?" ಅಂದಳು ನನ್ನ ಹೆಂಡತಿ. ಅವಳನ್ನು ಗದರಿಸಬೇಕಿತ್ತು. ಆದರೆ ನನ್ನೊಳಗೂ ಅದೇ ಮಾತು — ಅವಳು ಬಾಯಿಬಿಟ್ಟು ಆಡಿದ್ದಳು, ಅಷ್ಟೇ.

ಮರುವಾರ, ಮನೆ ಸಿಕ್ಕವರು ಇದೇ ಊರಿನವರು ಹೌದೋ ಅಲ್ಲವೋ ಎಂಬ ಪರಿಶೀಲನೆಗೆ ತಾಲ್ಲೂಕು ಕಚೇರಿಯ ಸಾಹೇಬರೊಬ್ಬರು ಬಂದರು. ನಾಗಮ್ಮನ ಕಾಗದಪತ್ರಗಳು ನೀರುಪಾಲಾಗಿದ್ದವು.

"ಮಾಸ್ತರ, ಈಕಿ ಇದೇ ಊರಾಕಿ ಏನ್ರಿ?"

"ಅಲ್ರಿ. ಹೈದರಾಬಾದಿನಾಗ ಇರ್ತಾಳ್ರಿ. ಇಲ್ಲಿ ಆಕಿದೇನೂ ಇಲ್ಲ."

ನಾಗಮ್ಮ ಕೂಗಾಡಲಿಲ್ಲ. ನನ್ನೆದುರು ಬಂದು ನಿಂತಳು. "ಮಾಸ್ತರ್ರ, ನನ್ನ ಮಗಳು ದಿನಾ ನಿಮ್ಮ ಸಾಲಿಗೆ ಎಲ್ಲಿಂದ ಬರ್ತಿದ್ಳು? ಅದನ್ನರ ಹೇಳ್ರಿ."

ಸಾಹೇಬರು ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿದರು. ಸುತ್ತ ನಿಂತವರಿಗೂ ಸತ್ಯ ಗೊತ್ತಿತ್ತು ನಿಜ — ಆದರೆ ಸಾಹೇಬರು ಕೇಳಿದ್ದು ನನ್ನನ್ನು. ಎರಡು ದಿನಕ್ಕೆ ತಾಯಿ ಮಗಳು ಗಂಟು ಕಟ್ಟಿಕೊಂಡು ಊರು ಬಿಟ್ಟರು. ಆ ಮನೆ ನಮ್ಮ ಜಾತಿಯವರಿಗೇ ಸಿಕ್ಕಿತು. ಅವರ ಗೃಹಪ್ರವೇಶದಲ್ಲಿ ನಾನು ಹೋಳಿಗೆ ಉಂಡೆ.

ಹನ್ನೊಂದು ವರ್ಷದ ಮೇಲೆ, ಹೋದ ತಿಂಗಳು, ಸುರಪುರಕ್ಕೆ ಹೋದಾಗ ರಂಗಂಪೇಟೆಯ ಹೊಲಿಗೆ ಅಂಗಡಿಯೊಂದರಲ್ಲಿ ರೇಣುಕಾ ಸಿಕ್ಕಳು. ಗುರುತು ಹಿಡಿದವಳು ಅವಳೇ. ಸ್ಟೂಲು ಒರೆಸಿ, "ಕೂಡ್ರಿ ಮಾಸ್ತರ್ರ" ಅಂದಳು. ತಾಯಿಯ ಬಗ್ಗೆ ಕೇಳಿದೆ — ಯಾವ ಮುಖ ಇಟ್ಟುಕೊಂಡು ಕೇಳಿದೆನೋ.

"ಅವ್ವ ಹೋಗಿ ನಾಕು ವರ್ಷ ಆತ್ರಿ, ಹೈದರಾಬಾದಿನಾಗ. ಹೆಣಾ ಯಾವೂರಿಗೆ ಒಯ್ತೀರಿ ಅಂತ ದವಾಖಾನ್ಯಾಗ ಕೇಳಿದ್ರು. ನಾ ಏನ್ ಹೇಳಬೇಕಿತ್ರಿ?"

ಅಲ್ಲೇ ಮಣ್ಣು ಮಾಡಿದರಂತೆ. ನಾನು ತಡವರಿಸಿದೆ: "ನಾ ಅವತ್ತ ಬೇಕಂತ ಸುಳ್ಳು ಹೇಳಿದ್ದೆ, ರೇಣುಕಾ."

"ಗೊತ್ತದರಿ" ಅಂದು ಅವಳು ಮತ್ತೆ ಮಷಿನ್ ತುಳಿಯತೊಡಗಿದಳು.

ಬರುವ ಗ್ರಾಮಸಭೆಯಲ್ಲಿ ಈ ಬರಹವನ್ನು ಓದಿ, ಸಹಿ ಮಾಡಿ ಪಂಚಾಯಿತಿಗೆ ಕೊಡುತ್ತೇನೆ. ರೇಣುಕಾಳನ್ನು ಕರೆದೆ, ಬರುವುದಿಲ್ಲ ಅಂದಳು. ಹೆಂಡತಿ ಮಾತು ಬಿಟ್ಟಿದ್ದಾಳೆ. ಊರವರು ನನ್ನನ್ನು ದೂರ ಇಟ್ಟರೆ ಇಡಲಿ — ಸಭೆ ಮುಗಿದ ಮೇಲೆ ಮರಳಿ ಹೋಗಲು ನನಗಾದರೂ ಒಂದು ಮನೆಯಿದೆ.