ಒಂಬತ್ತನೆಯ ಮೆಟ್ಟಿಲು

ಮೊನ್ನೆ ಮನೆಗೆ ಬಂದ ಬಡಗಿ ಗೋಡೆಗೊಂದು ಸಣ್ಣ ಹಲಗೆ ಕೂರಿಸಲು ತೇಗದ ತುಂಡು ಕೊಯ್ದ. ಗರಗಸದಿಂದ ಉದುರಿದ ಹುಡಿಯ ವಾಸನೆ, ಅದರ ಜೊತೆಗೆ ಮರಕ್ಕೆ ಹಚ್ಚುವ ಬಿಳಿ ಅಂಟಿನ ಹುಳಿ ವಾಸನೆ ನಡುಮನೆಯಲ್ಲಿ ತುಂಬಿಕೊಂಡಿತು. ಬರೆಯುತ್ತಿದ್ದ ವರದಿಯನ್ನು ಅರ್ಧಕ್ಕೆ ಬಿಟ್ಟು ಸುಮ್ಮನೆ ಕುಳಿತೆ. ಎದುರು ಮನೆಯ ಮಾಮನ ಕೈಗೆ ಸದಾ ಇದೇ ವಾಸನೆ ಇರುತ್ತಿತ್ತು...

ಅವರು ನಮಗೆ ಸಂಬಂಧಿಕರಲ್ಲ. ಹೊಸಪೇಟೆಯ ಒಂದೇ ಓಣಿಯಲ್ಲಿ ಎದುರುಬದುರು ಇದ್ದೆವು, ಅಷ್ಟೇ. ಸಂಡೂರಿನ ಗಣಿಯೊಂದರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ದೊಡ್ಡ ಸಾಹೇಬರು ಬಂದಾಗ ತೋರಿಸಲು ಗುಡ್ಡದ ಮಾದರಿಗಳನ್ನೂ ಅವರೇ ಮಾಡುತ್ತಿದ್ದರಂತೆ. ಈ ವರ್ಷ ಗುಡ್ಡವನ್ನು ಎಲ್ಲಿಯವರೆಗೆ ಕಡಿಯುವುದು, ಮುಂದಿನ ವರ್ಷ ಎಲ್ಲಿಯವರೆಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ. ನಿವೃತ್ತರಾದ ಮೇಲೆ ಗೊಂಬೆಮನೆಗಳಿಗೆ ಪುಟ್ಟ ಮೆಟ್ಟಿಲು ಮಾಡತೊಡಗಿದರು. ದಸರೆಗೆ ಗೊಂಬೆ ಕೂರಿಸುವವರು ಕೇಳಿಕೊಂಡು ಬರುತ್ತಿದ್ದರು. ಶಾಲೆಯ ಪ್ರದರ್ಶನಕ್ಕೆ ಕೋಟೆ, ಅರಮನೆ ಕಟ್ಟುವ ಮಕ್ಕಳ ತಾಯಂದಿರೂ ಬರುತ್ತಿದ್ದರು.

"ಗುಡ್ಡ ಇಳಿಸೋ ಮೆಟ್ಲ ಭಾಳ ಮಾಡೀನಿ. ಈಗ ಏರೋವು ಮಾಡ್ತೀನಿ" ಎಂದಿದ್ದರು ಒಮ್ಮೆ.

ಅವರದು ಒಂದು ಅಡಿಗೆ ಒಂದು ಅಂಗುಲದ ಲೆಕ್ಕ. ಮನುಷ್ಯರು ಹತ್ತುವ ಮೆಟ್ಟಿಲು ಅವರ ಮೇಜಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟಾಗುತ್ತಿತ್ತು. ಹಳೆಯ ಕಿಟಕಿ ಚೌಕಟ್ಟುಗಳ ತೇಗ, ಒಂದು ಸಣ್ಣ ಗರಗಸ, ಉಜ್ಜುವ ಉಪ್ಪುಕಾಗದ, ಅಂಟು. ಮುಗಿದ ಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಎರಡು ಕಾಲು ಮಾಡಿಕೊಂಡು, ಕಣ್ಣು ಮುಚ್ಚಿ, ಕೆಳಗಿನಿಂದ ಮೇಲಕ್ಕೆ ನಡೆಸುತ್ತಿದ್ದರು. ಎಲ್ಲಾದರೂ ಬೆರಳು ಎಡವಿದರೆ ಇಡೀ ಮೆಟ್ಟಿಲನ್ನು ಬಿಚ್ಚಿಬಿಡುತ್ತಿದ್ದರು. ಗೊಂಬೆಗೇನು ಗೊತ್ತಾಗುತ್ತದೆ ಮಾಮ ಎಂದು ನಾನು ಕೇಳಿದ್ದೆ.

"ಗೊಂಬಿ ಎಡವಿದ್ರ ಅದು ಯಾರ ಮುಂದ ಹೇಳಬೇಕವ್ವಾ?" ಎಂದರು, ನಗದೆ.

ಕೆಲವು ಭಾನುವಾರ ಬಸ್ಸು ಹತ್ತಿ ಹಂಪಿಗೆ ಹೋಗಿ ಪುಷ್ಕರಣಿಯ ಪಕ್ಕ ಕೂರುವುದು ಅವರ ರೂಢಿ. ಒಮ್ಮೆ ನಾನೂ ಹೋಗಿದ್ದೆ. ಕಲ್ಲಿನ ಮೆಟ್ಟಿಲುಗಳು ಸಾಲುಸಾಲಾಗಿ ನೀರಿನವರೆಗೆ ಇಳಿದು, ನೀರಿನೊಳಗಿನ ಬಿಂಬದಲ್ಲಿ ತಿರುಗಿ ಏರುತ್ತಿದ್ದವು. ಆ ದಿನ ಬೇರೇನು ಆಯಿತೆಂದು ನನಗೆ ನೆನಪಿಲ್ಲ...

ಅತ್ತೆ, ಅಂದರೆ ಅವರ ಹೆಂಡತಿ, ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಓಣಿಯವರನ್ನೆಲ್ಲ ಹೆಜ್ಜೆ ಸದ್ದಿನಲ್ಲೇ ಗುರುತಿಸಿ ಮಾತಿಗೆಳೆಯುತ್ತಿದ್ದರು. ಅವರ ತವರು ಕಂಪ್ಲಿ. ಆ ಮನೆ ಎಂದೋ ಬೇರೆಯವರ ಪಾಲಾಗಿತ್ತು. ಅದರ ಅಟ್ಟದ ಕಿಟಕಿಯಿಂದ ಹೊಳೆ ಕಾಣುತ್ತಿತ್ತಂತೆ. ಅಟ್ಟವೇ ಅವರು ಓದಿದ ಜಾಗ, ಅತ್ತ ಜಾಗ, ಮದುವೆ ಗೊತ್ತಾದ ದಿನ ಅಡಗಿ ಕುಳಿತ ಜಾಗ. ಇನ್ನೊಂದು ಸಲ ಆ ಅಟ್ಟ ಹತ್ತಬೇಕು ಎನ್ನುವುದು ಅವರ ಒಂದೇ ಆಸೆಯಾಗಿತ್ತು. ಮನೆ ಕೆಡವುತ್ತಾರೆ ಎಂಬ ಸುದ್ದಿ ಬಂದಾಗ ಅದನ್ನು ಹೇಳುವುದನ್ನೇ ನಿಲ್ಲಿಸಿದರು.

ವರದಿಗಾರಿಕೆಗಾಗಿ ನಾನು ಕಂಪ್ಲಿಗೆ ಹೋಗಿಬರುತ್ತಿದ್ದೆ. ಮಾಮ ಒಂದು ಟೇಪು, ಗೆರೆಯಿಲ್ಲದ ಒಂದು ಪುಸ್ತಕ ಕೊಟ್ಟು, ಕೆಡವುವ ಮೊದಲು ಆ ಅಟ್ಟದ ಮೆಟ್ಟಿಲು ಅಳೆದುಕೊಂಡು ಬಾ ಎಂದರು. ಒಂದೊಂದನ್ನೂ ಅಳೆಯಬೇಕು ಎಂದು ಎರಡು ಸಲ ಹೇಳಿದರು.

ನಾನು ಹೋದಾಗ ಆಳುಗಳು ಆಗಲೇ ಮಾಳಿಗೆಯ ಮೇಲಿದ್ದರು. ಸಂಜೆಯೊಳಗೆ ವರದಿ ಕಳಿಸಬೇಕಿತ್ತು. ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡು ಏರುವ ಗಾರೆಯ ಮೆಟ್ಟಿಲು. ಕೆಳಗಿನದೊಂದನ್ನು ಅಳೆದೆ, ಎಂಟು ಅಂಗುಲ. ಅದೂ ಸೇರಿ ಎಲ್ಲವನ್ನೂ ಎಣಿಸಿದೆ, ಹದಿಮೂರು. ಹಾಗೆಯೇ ಬರೆದುಕೊಂಡು ಬಂದೆ.

ಆ ವರ್ಷ ದಸರೆಯ ಮೊದಲ ದಿನ ಮಾಮ ತೇಗದ ಹದಿಮೂರು ಮೆಟ್ಟಿಲನ್ನು ಅತ್ತೆಯ ತೊಡೆಯ ಮೇಲಿಟ್ಟರು. ಏನೆಂದು ಹೇಳಲಿಲ್ಲ. ಅತ್ತೆ ಸವರಿ, ಹದಿಮೂರನ್ನೂ ಎಣಿಸಿ ನೋಡಿ, ಎರಡು ಬೆರಳಿನಿಂದ ಹತ್ತಲು ಶುರು ಮಾಡಿದರು. ಎಂಟರವರೆಗೆ ಸರಾಗವಾಗಿ ಹೋದವು. ಒಂಬತ್ತನೆಯದಕ್ಕೆ ಬೆರಳು ಬೇಕಾದ್ದಕ್ಕಿಂತ ಎತ್ತರ ಎದ್ದು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಕೆಳಗೆ ಜಾರಿತು.

"ಇದು ಯಾರ ಮನೀದರ ಇರಬೌದ್ರಿ. ನಮ್ಮದಲ್ಲ" ಎಂದರು.

ಅವರ ಮನೆಯಲ್ಲಿ ಒಂಬತ್ತನೆಯ ಮೆಟ್ಟಿಲು ಎತ್ತರವಂತೆ. ಹೊಸಬರೆಲ್ಲ ಅಲ್ಲಿ ಎಡವುತ್ತಿದ್ದರು. ಮನೆಯವರು ದೀಪವಿಲ್ಲದೆಯೂ ಅಲ್ಲಿ ಕಾಲು ಎತ್ತಿಡುತ್ತಿದ್ದರು. ಮಾಮ ನನ್ನ ಕಡೆ ನೋಡಿದರು. ನಾನೇ ಹೇಳಿದೆ, ಒಂದನ್ನೇ ಅಳೆದಿದ್ದೆ ಎಂದು.

ಅತ್ತೆಗೆ ನಗು ಬಂತು. "ಸಭಿಗೆ ನೂರು ಮಂದಿ ಬಂದಿದ್ರ, ಒಬ್ಬನ್ನ ನೋಡಿ ನೂರಕ್ಕ ಗುಣಿಸಿ ಪೇಪರಿಗೆ ಬರೀತಿಯೇನಬೇ?"

ಮರುದಿನ ಮೊದಲ ಬಸ್ಸಿಗೆ ಕಂಪ್ಲಿಗೆ ಹೋದೆ. ಮನೆ ಇರಲಿಲ್ಲ. ಪಕ್ಕದವರ ಗೋಡೆಯ ಸುಣ್ಣದ ಮೇಲೆ ಮಾತ್ರ ಮೆಟ್ಟಿಲಿನ ಅಚ್ಚು ಉಳಿದಿತ್ತು, ಯಾರೋ ಹತ್ತಿ ಹೋಗಿ ಮರಳಿ ಬಾರದ ಹಾಗೆ. ಅದೂ ಆರರವರೆಗೆ. ಮೇಲಿನದಕ್ಕೆ ಮೇಸ್ತ್ರಿ ಹೊಸ ಸಿಮೆಂಟು ಬಳಿದಿದ್ದ, ಇನ್ನೂ ಹಸಿಯಿತ್ತು. ಉಳಿದ ಆರನ್ನೂ ಅಳೆದೆ. ಯಾವ ಎರಡೂ ಪೂರ್ತಿ ಸಮವಾಗಿರಲಿಲ್ಲ, ಕಾಲಿಗೆ ತಿಳಿಯದಷ್ಟು ಏರುಪೇರು.

ಪುಸ್ತಕ ನೋಡಿದ ಮಾಮ, "ಎಲ್ಲಾ ಒಂದ ಸಮ ಇರ್ತಾವಂತ ನೀ ತಿಳಿದಿ. ನಾನೂ ಹಂಗ ತಿಳಕೊಂಡ ಕುಂತಿದ್ದೆ" ಎಂದರು.

ಆ ಮೇಲಿನ ವಾರ ಅವರು ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೇನೆ. ಆರು ಮೆಟ್ಟಿಲು ಅಳತೆಯ ಹಾಗೆ ಆದವು, ಒಂಬತ್ತನ್ನು ಬಿಟ್ಟು ಉಳಿದವು ಮೊದಲಿನಂತೆಯೇ. ಒಂಬತ್ತನೆಯದನ್ನು ಬೇಕೆಂದೇ ಎತ್ತರ ಕೊಯ್ಯಲು ಕೂತರೆ ಕೈ ಕೇಳುತ್ತಿರಲಿಲ್ಲ. ಕೊಯ್ದದ್ದು ಮತ್ತೆ ಸಮವೇ ಆಗಿರುತ್ತಿತ್ತು. ಕಡೆಗೆ ಗರಗಸವನ್ನು ಕೆಳಗಿಟ್ಟು, ಅತ್ತೆಯ ಮುಂದೆ ನೆಲದ ಮೇಲೆ ಕುಳಿತು, ಕಾಗದದಷ್ಟು ತೆಳ್ಳನೆಯ ಚಕ್ಕೆಗಳನ್ನು ಒಂದರ ಮೇಲೊಂದು ಇಡುತ್ತ ಹೋದರು. ಪ್ರತಿ ಸಲವೂ ಅತ್ತೆ ಕೆಳಗಿನಿಂದ ಹತ್ತಿ ಬರುತ್ತಿದ್ದರು. ಇಲ್ಲ ಎನ್ನುತ್ತಿದ್ದರು. ಇನ್ನೊಂದು ಚಕ್ಕೆ. ಮತ್ತೆ ಕೆಳಗಿನಿಂದ. ಮಧ್ಯಾಹ್ನದ ಬಿಸಿಲು ಹೊಸಲು ದಾಟಿ ಒಳಗೆ ಬಂದಿತ್ತು, ತೇಗದ ಹುಡಿ ಅದರಲ್ಲಿ ತೇಲುತ್ತಿತ್ತು... ಅತ್ತೆಯ ಬೆರಳು ಒಂಬತ್ತಕ್ಕೆ ಎದ್ದಿತು, ಇಳಿಯಿತು, ನಿಂತಿತು.

ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಮರ ಮುಗಿದರೂ ಕೈ ಗಾಳಿಯಲ್ಲಿ ಮುಂದಕ್ಕೆ ಒಂದು ಹೆಜ್ಜೆ ಇಟ್ಟಿತು.

"ಕಿಟಕಿ ತಗೀರಿ" ಎಂದರು.

ಮಾಮ ಮಾಡಿದ್ದು ಮೆಟ್ಟಿಲು ಮಾತ್ರ. ಅವರು ಕೈ ಚಾಚಿ, ಇಲ್ಲದ ಅಗುಳಿ ಸರಿಸಿ, ಇಲ್ಲದ ಎರಡು ಬಾಗಿಲನ್ನು ನಿಧಾನಕ್ಕೆ ಹೊರಕ್ಕೆ ತಳ್ಳಿದರು. "ತಗದೀನಿ" ಎಂದರು.

ಅತ್ತೆ ಬಹಳ ಹೊತ್ತು ಆ ಕಡೆಗೇ ಮುಖ ಮಾಡಿ ಕುಳಿತಿದ್ದರು. "ಹೊಳಿಗೆ ನೀರು ಭಾಳ ಬಂದೈತಿ" ಎಂದರು ಕಡೆಗೆ.

ಈಗ ಇಬ್ಬರೂ ಇಲ್ಲ. ಅತ್ತೆ ಮೊದಲು ಹೋದರು, ಮಾಮ ಆಮೇಲೆ. ಆ ಮೆಟ್ಟಿಲು ನನ್ನ ಬಳಿ ಇದೆ. ಬಡಗಿಯನ್ನು ಕರೆಸಿದ್ದು ಅದನ್ನಿಡುವ ಹಲಗೆಗಾಗಿಯೇ. ಅವನು ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದ. ಕೆಲಸ ಮಸ್ತ್ ಐತ್ರಿ ಮೇಡಂ, ಆದರ ಇದೊಂದು ಮೆಟ್ಲ ತಪ್ಪೈತಿ, ತುಸು ಉಜ್ಜಿ ಸಮ ಮಾಡ್ಲೇನು ಎಂದ. ಬ್ಯಾಡ್ರಿ, ಅದು ಹಂಗ ಇರಲಿ ಎಂದೆ.

ಅವನು ಹೋದ ಮೇಲೆ ಎರಡು ಬೆರಳಿಟ್ಟು ಹತ್ತಿದೆ. ಒಂಬತ್ತನೆಯದರಲ್ಲಿ ಎಡವಿದೆ. ಪ್ರತಿ ಸಲವೂ ಎಡವುತ್ತೇನೆ. ನಾನು ಆ ಮನೆಯವಳಲ್ಲ. ಹದಿಮೂರು ಮುಗಿದ ಮೇಲೆ ಕೈ ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಕಿಟಕಿ ತೆಗೆಯುವವರು ಯಾರೂ ಇರಲಿಲ್ಲ.