ಹೆಣ್ಣಿನ ಕಡೆಗೆ ದೊಡ್ಡಕ್ಷರ, ಗಂಡಿನ ಕಡೆಗೆ ಚಿಕ್ಕಕ್ಷರ

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನಾಚಿಕೊಂಡು ಹೇಳುತ್ತಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೇ ಸ್ಟುಡಿಯೋ ಇದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಮದುವೆಯಾದರೂ "ಆ ಗಂಡ ಹೆಂಡ್ತೀನೇ ಕರೀರಿ" ಅನ್ನುತ್ತಾರೆ. ಗಂಡ ಹೆಂಡತಿ ಅಂದರೆ ನಾನು, ನನ್ನ ಮನೆಯವಳು. ಇಬ್ಬರ ಕೈಯಲ್ಲೂ ಒಂದೊಂದು ಕ್ಯಾಮೆರಾ. ಹೆಣ್ಣಿನ ಕಡೆಯವರ ಕೋಣೆಗೆ ಗಂಡಸು ನುಗ್ಗಿದರೆ ಹೆಂಗಸರೆಲ್ಲ ಬಿಗಿಯಾಗಿಬಿಡುತ್ತಾರೆ. ಅವಳು ಹೋದರೆ ಹೂ ಮುಡಿಯುತ್ತಾ, ಒಬ್ಬರನ್ನೊಬ್ಬರು ರೇಗಿಸುತ್ತಾ ಇದ್ದ ಹಾಗೇ ಇರುತ್ತಾರೆ. ಹಾಗಾಗಿ ಹೆಣ್ಣಿನ ಕಡೆ ಅವಳದು, ಗಂಡಿನ ಕಡೆ ನನ್ನದು.

ಫೋಟೊಗೆ ಹೆಸರಿಡುವುದಕ್ಕೂ ನಮ್ಮದೇ ಕ್ರಮ. ಮದುವೆಯ ಊರು ಇಂಗ್ಲಿಷಿನಲ್ಲಿ, ಅದರ ಮುಂದೆ ನಂಬರು, ಇಬ್ಬರದೂ ಒಂದರಿಂದಲೇ ಶುರು. ಅವಳು ತೆಗೆದದ್ದಕ್ಕೆ ಊರಿನ ಹೆಸರು ಕ್ಯಾಪಿಟಲ್ ಅನ್ನುತ್ತಾರಲ್ಲ, ಆ ದೊಡ್ಡಕ್ಷರದಲ್ಲಿ, ನಾನು ತೆಗೆದದ್ದಕ್ಕೆ ಚಿಕ್ಕಕ್ಷರದಲ್ಲಿ. ಅವಳೇ ಹೇಳಿದ್ದು: "ಹೆಣ್ಣು ಕೊಡೋರು ಮದ್ವೆ ದಿನೆಲ್ಲ ತಲೆ ತಗ್ಗಿಸ್ಕಂಡೇ ಓಡಾಡ್ತಾರೆ. ನಮ್ಮ ಕಂಪ್ಯೂಟರ್‌ನಾಗಾದ್ರೂ ದೊಡ್ಡೋರಾಗಿರ್ಲಿ ಬುಡಿ." ನನಗೂ ಸರಿ ಅನ್ನಿಸಿತು. ಎರಡೂ ಕಡೆಯವು ಒಂದೇ ಫೋಲ್ಡರಿನಲ್ಲಿ ಇರುತ್ತಿದ್ದವು. ಆರು ವರ್ಷ ಒಂದು ಜಗಳವಿಲ್ಲ.

ಆ ಆರು ವರ್ಷವೂ ನಮ್ಮ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಬೇರೆ ಸಿಸ್ಟಂ. ಹಿಂದೊಮ್ಮೆ ವೈರಸ್ ಹತ್ತಿ ಎಲ್ಲ ಕೆಟ್ಟು ಕೂತಾಗ, ಪಾಸ್‌ಪೋರ್ಟ್ ಸೈಜಿನ ಫೋಟೊಗೆ ಬಂದಿದ್ದ ಲೆಕ್ಚರರೊಬ್ಬರು ಹಾಕಿಕೊಟ್ಟಿದ್ದರು. ಎತ್ತಿನ ಹಾಗೆ ದುಡಿಯಿತು. ಆದರೆ ಈಗಿನವರು ಕೇಳುವಂಥ ಆಲ್ಬಂ ಮಾಡುವ ಸಾಫ್ಟ್‌ವೇರು ಅದರಲ್ಲಿ ಓಡಲಿಲ್ಲ. ಅದಕ್ಕೆ ವಿಂಡೋಸೇ ಬೇಕು. ಹೋದ ವರ್ಷ ಹೊಸ ಕಂಪ್ಯೂಟರು ತಂದೆ. ಹಳೆಯದರಲ್ಲಿದ್ದ ಫೋಟೊಗಳನ್ನು ಎರಡು ದಿನ ಕೂತು ಹೊರಗಿನ ಹಾರ್ಡ್ ಡಿಸ್ಕಿಗೆ ತುಂಬಿದೆ. ಎರಡನೇ ದಿನ "ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆ ಇದನ್ನು ಹಾಕಲೇ?" ಅಂತ ಕೇಳಿತು. ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ದೆನಲ್ಲ, ಅದೇ ಇರಬೇಕು ಅಂದುಕೊಂಡು "ಎಲ್ಲಕ್ಕೂ ಹೌದು" ಒತ್ತಿದೆ. ಅಲ್ಲಿಂದ ಹೊಸದಕ್ಕೆ ಇಳಿಸಿಕೊಂಡೆ. ಹಳೆಯ ಕಂಪ್ಯೂಟರನ್ನು ಪಿರಿಯಾಪಟ್ಟಣದಲ್ಲಿ ಟೈಪಿಂಗ್ ಕ್ಲಾಸ್ ನಡೆಸುವ ಮೇಷ್ಟ್ರೊಬ್ಬರಿಗೆ ಕೊಟ್ಟೆ.

ಅದಾಗಿ ಎರಡು ದಿನಕ್ಕೆ ಗಾವಡಗೆರೆ ಕಡೆಯ ಒಂದು ಮದುವೆಯ ಆಲ್ಬಂಗೆ ಫೋಟೊ ಆರಿಸಲು ಹುಡುಗಿಯ ಸೋದರಮಾವ ಬಂದರು. ತಂಬಾಕು ಬೆಳೆಯುವವರು, ಅರವತ್ತು ದಾಟಿದವರು. ತಂದೆಯಿಲ್ಲದ ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಸಾಕಿದವರು. ಮದುವೆಯ ದಿನ ಹೆಣ್ಣನ್ನು ಮಂಟಪಕ್ಕೆ ಎತ್ತಿ ತರುವುದು ಸೋದರಮಾವನ ಹಕ್ಕು. "ವಯಸ್ಸಾಯ್ತು, ಕೈ ಹಿಡ್ಕಂಡು ನಡೆಸ್ಕಂಡು ಬನ್ನಿ ಸಾಕು" ಅಂತ ಎಲ್ಲರೂ ಅಂದರೂ ಕೇಳದೆ ಎತ್ತಿಕೊಂಡೇ ಬಂದಿದ್ದರು.

ಪರದೆಯ ಮೇಲೆ ಒಂದೊಂದೇ ಫೋಟೊ ಸರಿಯಿತು. ಬರೀ ಗಂಡಿನ ಕಡೆಯವರು. ಮನೆಯವಳು ನನಗಿಂತ ಎಪ್ಪತ್ತು ಎಂಬತ್ತು ಹೆಚ್ಚು ತೆಗೆದಿದ್ದಳು. ಹೆಣ್ಣಿನ ಕಡೆಯದು ಉಳಿದದ್ದು ಆ ಕೊನೆಯವು ಮಾತ್ರ, ಹೆಣ್ಣು ಒಪ್ಪಿಸಿಕೊಡುವ ಹೊತ್ತಿನವು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಇದು? ನಗೋರೆಲ್ಲ ಬೀಗರು, ಅಳೋರೆಲ್ಲ ನಾವಾ?"

"ಸ್ವಲ್ಪ ತಡೀರಿ ಗೌಡ್ರೇ..."

"ತಡೆಯೋದೇನು? ನಾನು ಮಗೀನ ಎತ್ಕಂಡು ಬಂದಿದ್ದು ಎಲ್ಲಿ? ಬೀಗರು ಊಟಕ್ಕೆ ಏನಾರ ಜಾಸ್ತಿ ಬಡಿಸಿದ್ರಾ ನಿಮಗೆ?"

ಮನೆಯವಳು ಒಳಗಿಂದ ಬಂದಳು. "ನಾನೇ ತೆಗ್ದಿದ್ದು ಕಣಣ್ಣ. ನಿಮ್ಮ ಪೇಟ ಒಂದ್ ಕಡೆ ವಾಲಿತ್ತು, ಅಂಗೇ ತೆಗ್ದೆ."

"ವಾಲಿದ್ದು ನಂಗೂ ನೆನಪೈತೆ ಕಣಮ್ಮ. ಫೋಟೊ ಎಲ್ಲೈತೆ ತೋರ್ಸು."

ಕ್ಯಾಮೆರಾದ ಕಾರ್ಡುಗಳನ್ನು ಖಾಲಿ ಮಾಡಿ ಬಿಳಿಕೆರೆಯ ಮದುವೆಗೆ ಬಳಸಿಯಾಗಿತ್ತು. ಆದರೂ ನಾನು ಎದ್ದು ನಿಂತು ಹೇಳಿದೆ: "ಸಂಜೆ ಐದಕ್ಕೆ ಬನ್ನಿ. ನಿಮ್ಮ ಫೋಟೊ ಇಲ್ಲೇ ತೋರಿಸ್ತೀನಿ." ಎಲ್ಲಿಂದ ತರುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಆದರೆ ನನ್ನ ಅಂಗಡಿಯಲ್ಲಿ ತೆಗೆದ ಫೋಟೊ ಕಳೆಯಿತು ಅನ್ನುವ ಮಾತು ಆವತ್ತಿನವರೆಗೆ ಬಂದಿರಲಿಲ್ಲ.

ಕಂಪ್ಯೂಟರು ಮಾರಿದ ಅಂಗಡಿಗೆ ಫೋನ್ ಮಾಡಿದೆ. ಡಿಗ್ರಿ ಓದಿದ ಹುಡುಗರು. "ಕಾರ್ಡೇ ಹೋಗಿರ್ಬೇಕು ಸಾರ್" ಅಂದರು. ಕಾರ್ಡು ಹೋಗಿದ್ದರೆ ಕೊನೆಯ ಎಪ್ಪತ್ತು ಉಳಿಯುವುದು ಹೇಗೆ? ನನ್ನ ಲೆಕ್ಕ ಎಷ್ಟಿತ್ತೋ, ಅಲ್ಲಿಂದ ಮುಂದಿನವೇ ಉಳಿದಿವೆ. ಅಂದರೆ ನಂಬರಿಗೆ ನಂಬರು ನನ್ನವು ಅವಳವನ್ನು ತಿಂದಿವೆ.

ಪರೀಕ್ಷೆ ಮಾಡಿ ನೋಡಿದೆ. ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ರಾಗಿ ಅಂತ ಚಿಕ್ಕಕ್ಷರದಲ್ಲಿ ಒಂದು ಫೈಲು ಮಾಡಿ, ಅದರ ಪಕ್ಕ ದೊಡ್ಡಕ್ಷರದಲ್ಲಿ ಇನ್ನೊಂದು ರಾಗಿ ಇಡಲು ಹೋದೆ. ಒಪ್ಪಲಿಲ್ಲ. ಆಗಲೇ ಇದೆ ಅಂದಿತು. ಹಾರ್ಡ್ ಡಿಸ್ಕಿನಲ್ಲೂ ಅದೇ ಕಥೆ. ದೊಡ್ಡಕ್ಷರದ ರಾಗಿ, ಚಿಕ್ಕಕ್ಷರದ ರಾಗಿ ಲಿನಕ್ಸಿನ ಕಣ್ಣಿಗೆ ಇಬ್ಬರು, ವಿಂಡೋಸು ಮತ್ತು ಈ ಡಿಸ್ಕಿನ ಕಣ್ಣಿಗೆ ಒಬ್ಬರೇ. ಕನ್ನಡ ಟೈಪು ಮಾಡುವಾಗ ಸುಮ್ಮನೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ದೊಡ್ಡದು ಬೇರೆ ಚಿಕ್ಕದು ಬೇರೆ ಅಂತ ನಮ್ಮ ಬೆರಳಿಗೇ ರೂಢಿ. ಅದಕ್ಕೇ ನನಗೆ ಅನುಮಾನ ಬಂದಿರಲಿಲ್ಲ.

ಆದರೆ ಒಂದು ಮಾತು ನಿಜ: ನಾನು ಕಾಪಿ ಮಾಡಿದ್ದೆನೇ ಹೊರತು ಹಳೆಯದರಿಂದ ಅಳಿಸಿರಲಿಲ್ಲ. ಮೇಷ್ಟ್ರು ಅಳಿಸದೆ ಇದ್ದರೆ ಎಲ್ಲ ಅಲ್ಲೇ ಇರಬೇಕು. ಫೋನ್ ಮಾಡಿದರೆ ಸ್ವಿಚ್ ಆಫ್. ಹಾರ್ಡ್ ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಸ್ಕೂಟರು ತೆಗೆದೆ.

"ಎಲ್ಲ ಚೊಕ್ಕ ಮಾಡ್ಕಂಡು ಹೊಸದಾಗಿ ಹಾಕ್ಕೊಳಿ" ಅಂತ ನಾನೇ ಅವರಿಗೆ ಹೇಳಿಬಂದಿದ್ದೆ. ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿ.

ಕ್ಲಾಸಿನ ಮೂಲೆಯಲ್ಲಿ ಕಂಪ್ಯೂಟರು ನಾನು ಕಟ್ಟಿಕೊಟ್ಟಿದ್ದ ಗೋಣಿಚೀಲದಲ್ಲೇ ಇತ್ತು.

"ಬಿಚ್ಚೇ ಇಲ್ವಾ ಮೇಷ್ಟ್ರೇ?"

"ಇವತ್ತು ಅಮಾಸೆ ಅಲ್ವೇನ್ರೀ? ಅಮಾಸೇಲಿ ಹೊಸ ಮಿಷನ್ನು ಶುರು ಮಾಡ್ತಾರಾ? ನಾಳೆ ಪೂಜೆ ಮಾಡಿ ಎಲ್ಲ ಅಳಿಸೋಣ ಅಂತಿದ್ದೆ."

ಅಮಾವಾಸ್ಯೆಗೆ ಹೆದರುವವನಲ್ಲ ನಾನು. ಆವತ್ತು ಮಾತ್ರ ಅದಕ್ಕೆ ಕೈ ಮುಗಿದೆ. ಅಲ್ಲೇ ನೆಲದ ಮೇಲೆ ಕೂತು ಜೋಡಿಸಿದೆ. ದೊಡ್ಡಕ್ಷರದವನ್ನೆಲ್ಲ ಒಂದು ಫೋಲ್ಡರಿಗೆ, ಚಿಕ್ಕಕ್ಷರದವನ್ನೆಲ್ಲ ಇನ್ನೊಂದಕ್ಕೆ ಬೇರೆ ಮಾಡಿದೆ. ಆರು ವರ್ಷದ್ದು. ಆಮೇಲೆ ಗಾವಡಗೆರೆ ಮದುವೆಯದನ್ನು ಹಾರ್ಡ್ ಡಿಸ್ಕಿಗೆ ತುಂಬಿದೆ, ಈ ಸಲ ಅದು ಏನೂ ಕೇಳಲಿಲ್ಲ. ಉಳಿದದ್ದಕ್ಕೆ ನಾಳೆ ಬರ್ತೀನಿ, ಅಲ್ಲಿವರೆಗೆ ಅಳಿಸಬೇಡಿ ಅಂತ ಮೇಷ್ಟ್ರಿಗೆ ಹೇಳಿದೆ. ಕಂಪ್ಯೂಟರಿನಲ್ಲೂ ಡಿಸ್ಕಿನಲ್ಲೂ ಎಣಿಸಿ ಸರಿಯಿದೆ ಅಂತ ನೋಡಿದ ಮೇಲೇ ಎದ್ದೆ. ಬರುವ ದಾರಿಯಲ್ಲಿ ಟೀಗೆ ನಿಂತಾಗ ಆ ಡಿಗ್ರಿ ಹುಡುಗರಿಗೆ ಫೋನ್ ಮಾಡಿ, ಆಗಿದ್ದೇನು ಅಂತ ಬಿಡಿಸಿ ಹೇಳಿದೆ. "ಹೌದಲ್ಲ ಸಾರ್" ಅಂದರು. ಹೌದು ಮತ್ತೆ.

ಐದಕ್ಕೆ ಮೊದಲೇ ಗೌಡರು ಬಂದು ಬೆಂಚಿನ ಮೇಲೆ ಕೂತಿದ್ದರು. ಮನೆಯವಳು ಆ ಫೋಟೊವನ್ನೇ ಮೊದಲು ತೆರೆದಳು. ಮಂಟಪದ ಮೆಟ್ಟಿಲು, ಅವರ ತೋಳಿನಲ್ಲಿ ಮದುವಣಗಿತ್ತಿ, ಪೇಟ ಬಲಕ್ಕೆ ವಾಲಿದೆ.

ಗೌಡರು ಪರದೆಯ ಹತ್ತಿರಕ್ಕೆ ಬಾಗಿದರು. "ನನ್ ಬೆನ್ನು ನೆಟ್ಟಗೈತೆ ನೋಡಿ" ಅಂದರು.

"ಪೇಟಾನೂ ನೆಟ್ಟಗೆ ಮಾಡ್ತೀನಿ ಕಣಣ್ಣ, ಕಂಪ್ಯೂಟರ್‌ನಾಗೆ ಆಯ್ತದೆ" ಅಂದಳು ಮನೆಯವಳು.

"ಬ್ಯಾಡ ಬುಡಮ್ಮ. ಬೀಳ್ತೀನಿ ಮಾವ ಅಂತ ಅವಳೇ ನನ್ ಪೇಟ ಹಿಡ್ಕಂಡಿದ್ದು, ಅದಕ್ಕೇ ವಾಲೈತೆ. ಚಿಕ್ಕೋಳಿದ್ದಾಗ್ಲೂ ಅಂಗೇ ಹಿಡ್ಕಂತಿದ್ಲು."